ಎಡಗೈಯ ನಾಯಕಿಯರು

ರಾಯಚೂರಿನ ಬಿಸಿಲನ್ನು ಬೈಯದವರು ಯಾರಿದ್ದಾರೆ ಹೇಳಿ. ನಾನೂ ಬೈಯುತ್ತೇನೆ. ಆದರೆ ಭಾನುವಾರ ಬೆಳಿಗ್ಗೆ ಚಾದರಗಳನ್ನು ಒಗೆದು ಮಾಳಿಗೆಯ ಮೇಲೆ ಒಣಹಾಕುವಾಗ ಮಾತ್ರ ಬೈಗುಳವನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತೇನೆ. ತಂತಿಯ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿ ಒಣಗಿರುತ್ತದೆ ಎಂದರೆ ನೀವು ನಗುತ್ತೀರಿ. ನಗಿ. ಆದರೆ ಒಮ್ಮೆ ನಮ್ಮ ಊರಿಗೆ ಬಂದು ನೋಡಿ, ಆಮೇಲೆ ನಗಿ.

ಮೊನ್ನೆ ಹಾಗೆಯೇ ಒಂದು ಬಿಳಿ ಚಾದರವನ್ನು ತಂತಿಗೆ ಹಾಕಿ, ಅದರ ನೆರಳಿನಲ್ಲಿ ಚಹಾದ ಲೋಟ ಹಿಡಿದು ಕುಳಿತಿದ್ದೆ. ಚಾದರದ ಆ ಕಡೆ ಅವ್ವ ಉಳಿದ ಬಟ್ಟೆಗಳನ್ನು ಝಾಡಿಸುತ್ತಿದ್ದಳು. ಬಿಸಿಲು ಅವಳ ಬೆನ್ನಿನ ಕಡೆಯಿಂದ ಬೀಳುತ್ತಿತ್ತು. ಚಾದರದ ಮೇಲೆ ಅವಳ ನೆರಳು ಮೂಡಿತು. ಗಾಳಿಗೆ ಚಾದರ ಉಬ್ಬಿದಾಗ ಅವ್ವ ದಪ್ಪಗಾದಳು, ಇಳಿದಾಗ ತೆಳ್ಳಗಾದಳು, ನಡುವೆ ಒಂದು ಗಳಿಗೆ ಈಗಷ್ಟೇ ಲಂಗ ಬಿಟ್ಟು ಸೀರೆ ಉಟ್ಟ ಹುಡುಗಿಯೂ ಆದಳು. ನಾನು ಬಾಯಿ ತೆರೆದುಕೊಂಡು ನೋಡುತ್ತ ಕುಳಿತೆ. ನಮ್ಮ ಊರಿನಲ್ಲಿ ಚಹಾ ತಣ್ಣಗಾಗುವುದು ಸುಲಭವಲ್ಲ, ಆದರೂ ತಣ್ಣಗಾಯಿತು.

"ಏನ್ ನೋಡಾಕತ್ತೀಯವ್ವಾ, ಅಲ್ಲಿ ಕುಂತು?" ಎಂದು ನೆರಳು ಕೇಳಿತು.

"ಪಿಚ್ಚರ್ ನೋಡಾಕತ್ತೀನಿ."

"ಪರದಿ ಮುಂದ ಕುಂತೇನು, ಹಿಂದ ಕುಂತೇನು?"

ಇಬ್ಬರೂ ನಕ್ಕೆವು. ನಿಮಗೆ ನಗು ಬರಲಿಲ್ಲ, ನನಗೆ ಗೊತ್ತು. ಅದು ಬರಬೇಕಾದರೆ ನೀವು ನನ್ನ ಜೊತೆ ದೇವದುರ್ಗದ ತನಕ ಬರಬೇಕು, ಅದೂ ಈಗಿನ ದೇವದುರ್ಗಕ್ಕಲ್ಲ. ನಾನಿನ್ನೂ ಶಾಲೆಯ ಮೊದಲ ಮಣೆಯಲ್ಲಿ ಕೂರುತ್ತಿದ್ದ ದಿನಗಳ ದೇವದುರ್ಗಕ್ಕೆ.

ಸುಗ್ಗಿ ಮುಗಿದ ಮೇಲೆ ಅಲ್ಲಿ ಸಂತೆ ಬಯಲಿನ ಆಚೆ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ನಮ್ಮ ಹಳ್ಳಿ ಅಲ್ಲಿಂದ ಹರಟುತ್ತ ನಡೆದರೆ ದಣಿವಾಗದಷ್ಟು ದೂರ. ಸಂಜೆ ಡೇರೆಯವರು ದೇವರ ಹಾಡು ಹಾಕಿದರೆ ಟಿಕೀಟು ಕೊಡಲು ಶುರುಮಾಡಿದ್ದಾರೆ ಎಂದು ಅರ್ಥ. ಆ ಹಾಡು ಗಾಳಿಯಲ್ಲಿ ನಮ್ಮ ಕೇರಿಗೆ ಬಂದು ಮುಟ್ಟುವಷ್ಟರಲ್ಲಿ ಅರ್ಧ ಅಳಿಸಿಹೋಗಿರುತ್ತಿತ್ತು. ಉಳಿದ ಅರ್ಧ ಸಾಕಾಗುತ್ತಿತ್ತು. ಹಾಡು ಕೇಳಿದ್ದೇ ಅವ್ವನ ರೊಟ್ಟಿ ಬಡಿಯುವ ಸಪ್ಪಳ ಚುರುಕಾಗುತ್ತಿತ್ತು. ಹೊಲದಿಂದ ಬಂದು ಕಾಲು ತೊಳೆದ ಹೆಂಗಸರೆಲ್ಲ ಒಬ್ಬರನ್ನೊಬ್ಬರು ಕೂಗುತ್ತ, ಕೂಸುಗಳನ್ನು ಬಗಲಿಗೆ ಹಾಕಿಕೊಂಡು, ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಹೊರಡುತ್ತಿದ್ದರು.

ಡೇರೆಯ ನಡುವೆ ಪರದೆ. ಅದರ ಮುಂದೆ ಗಂಡಸರು, ಅವರ ಬೀಡಿ ಹೊಗೆ, ಅವರ ಸಿಳ್ಳೆ. ಪರದೆಯ ಹಿಂದೆಯೂ ಒಂದಿಷ್ಟು ಜಾಗವಿತ್ತು. ಪರದೆ ಎಂದರೆ ತೆಳುವಾದ ಬಿಳಿ ಬಟ್ಟೆ ತಾನೆ, ಚಿತ್ರ ಈ ಕಡೆಗೂ ಹಾಯ್ದು ಬರುತ್ತಿತ್ತು. ಎಡ ಬಲವಾಗಿ, ಬಲ ಎಡವಾಗಿ ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಅಲ್ಲಿ ಟಿಕೀಟು ಅಗ್ಗ. ನಮ್ಮ ಕೇರಿಯ ಹೆಂಗಸರೆಲ್ಲ ಕೂರುತ್ತಿದ್ದದ್ದು ಅಲ್ಲಿಯೇ. ಅಗ್ಗವೆಂಬುದು ಬರೀ ನೆಪ ಎಂದು ಈಗ ಅನ್ನಿಸುತ್ತದೆ. ಹಿಂದೆ ಕೂತರೆ ಕಾಲು ಚಾಚಬಹುದಿತ್ತು. ತಲೆ ಮೇಲಿನ ಸೆರಗು ಜಾರಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕೂಸಿಗೆ ಹಾಲು ಕುಡಿಸಬಹುದಿತ್ತು, ಜೋರಾಗಿ ನಗಬಹುದಿತ್ತು, ಅಳು ಬಂದರೆ ಮೂಗು ಒರೆಸಿ ಒರೆಸಿ ಅಳಬಹುದಿತ್ತು.

ನನಗೆ ಆಗಷ್ಟೇ ಅಕ್ಷರ ಬಂದಿದ್ದವು. ಪರದೆಯ ಮೇಲೆ ಮೊದಲು ಹೆಸರುಗಳು ಬರುತ್ತವಲ್ಲ, ಅವನ್ನು ಓದಲು ಹೋಗಿ ಕಂಗಾಲಾದೆ. ಒಂದಕ್ಷರವೂ ನಮ್ಮ ಶಾಲೆಯದಲ್ಲ. ಒತ್ತುಗಳು ಬರಬೇಕಾದ ಕಡೆ ಬಾರದೆ ಇನ್ನೊಂದು ಮಗ್ಗುಲಿಗೆ ನೇತಾಡುತ್ತಿದ್ದವು. ದೊಡ್ಡ ಕ್ಲಾಸಿನಲ್ಲಿ ಕಲಿಸುವ ಕನ್ನಡ ಇದೇ ಇರಬೇಕು ಎಂದುಕೊಂಡು, ಮುಂಚೆಯೇ ಕಲಿತುಬಿಟ್ಟರೆ ಮಾಸ್ತರರು ಮೆಚ್ಚುತ್ತಾರೆಂದು, ಮರುದಿನ ಪಾಟಿಯ ಮೇಲೆ ನನ್ನ ಹೆಸರನ್ನು ಹಾಗೇ ಬರೆದು ತೋರಿಸಿದೆ. ಅವರು ಪಾಟಿಯನ್ನು ತಿರುಗಿಸಿ ನೋಡಿದರು, ನನ್ನನ್ನು ನೋಡಿದರು, ಆಮೇಲೆ ನನ್ನ ಕಿವಿ ಎಲ್ಲಿದೆ ಎಂದು ಹುಡುಕಿದರು. ಇಂದು ಅದೇ ಕನ್ನಡವನ್ನು ಕಾಲೇಜಿನಲ್ಲಿ ಕಲಿಸಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಆ ಕಿವಿ ಇವತ್ತಿಗೂ ಮತ್ತೊಂದಕ್ಕಿಂತ ತುಸು ಉದ್ದವಿದೆ ಎಂಬುದು ನನ್ನ ಗುಮಾನಿ.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದ್ದರಿಂದ ಅವಳಿಗೆ ಯಾವ ತೊಂದರೆಯೂ ಆಗಲಿಲ್ಲ. ಅವಳು ನೋಡಿದ್ದು ನಾಯಕಿಯ ಕೈಯನ್ನು.

ಅವ್ವ ಹುಟ್ಟಾ ಎಡಗೈಯವಳು. ನಮ್ಮ ಕಡೆ ಇಂಥವರನ್ನು ರೊಡ್ಡಿ ಎನ್ನುತ್ತಾರೆ. ಅವಳು ಬಡಿಯುವ ರೊಟ್ಟಿ ಉಳಿದವರ ರೊಟ್ಟಿಗೆ ಉಲ್ಟಾ ತಿರುಗುತ್ತಿತ್ತು. ಬೆಳೆ ಕೊಯ್ಯುವಾಗ ಅವಳ ಕುಡುಗೋಲು ಪಕ್ಕದವಳಿಗೆ ತಾಗುತ್ತದೆಂದು ಅವಳನ್ನು ಯಾವಾಗಲೂ ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದರು. ಮನೆಯಲ್ಲಿ ನನ್ನ ಅಜ್ಜಿಯ, ಅಂದರೆ ಅವಳ ಅತ್ತೆಯ, ಕಾಟ ಬೇರೆ. ಬೀಗರು ಬಂದರೆ ಅವ್ವ ಬಡಿಸಲು ಹೊರಗೆ ಬರುವಂತಿಲ್ಲ. "ಎಡಗೈಲೆ ನೀಡಿದ್ರ ಮಂದಿ ಏನಂತಾರ? ಒಳಗ ಕುಂತು ರೊಟ್ಟಿ ಬಡಿ, ರೊಡ್ಡಿ" ಎನ್ನುತ್ತಿದ್ದಳು. ತಿದ್ದುವ ಪ್ರಯತ್ನವೂ ನಡೆದಿತ್ತು. ಮದುವೆಯಾದ ಹೊಸದರಲ್ಲಿ ಅಜ್ಜಿ ಅವಳ ಎಡಗೈಯನ್ನು ಸೆರಗಿನಿಂದ ಸೊಂಟಕ್ಕೆ ಕಟ್ಟಿ ಕಸ ಗುಡಿಸಲು ಹೇಳುತ್ತಿದ್ದಳಂತೆ. ಕೈ ತಿದ್ದಿಕೊಳ್ಳಲಿಲ್ಲ. ಅವ್ವ ಮಾತ್ರ ನಾಲ್ಕು ಜನರ ನಡುವೆ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುವುದನ್ನು ಕಲಿತಳು.

ಹೀಗಿರುವಾಗ, ಡೇರೆಯ ಹಿಂದಿನ ಕತ್ತಲಲ್ಲಿ, ಆಳೆತ್ತರಕ್ಕಿಂತ ಎತ್ತರದ ನಾಯಕಿ ಎಡಗೈಯಲ್ಲಿ ದೀಪ ಹಚ್ಚಿದಳು. ಎಡಗೈಯಲ್ಲಿ ಗಂಡನಿಗೆ ಅನ್ನ ಬಡಿಸಿದಳು. ಎಡಗೈಯಲ್ಲೇ ಕಣ್ಣೊರೆಸಿಕೊಂಡಳು. ಕೊನೆಗೆ ಕೆಟ್ಟವನ ಕೆನ್ನೆಗೆ ಬಾರಿಸಿದ್ದೂ ಎಡಗೈಯಲ್ಲೇ. ಅವ್ವ ಶೇಂಗಾ ತಿನ್ನುವುದನ್ನು ನಿಲ್ಲಿಸಿದಳು. ಸೆರಗಿನೊಳಗಿಂದ ಅವಳ ಕೈ ಮೆಲ್ಲಗೆ ಹೊರಗೆ ಬಂದು ಮಡಿಲಿನ ಮೇಲೆ ಕೂತದ್ದು ನನಗೆ ಈಗಲೂ ಕಾಣುತ್ತದೆ. ಮರಳಿ ಬರುವ ದಾರಿಯಲ್ಲಿ ಬೆಳ್ಳನೆಯ ಧೂಳಿನಲ್ಲಿ ಹೆಂಗಸರೆಲ್ಲ ಕತೆ ಮಾತಾಡುತ್ತ ನಡೆಯುತ್ತಿದ್ದರೆ ಅವ್ವ ಮಾತ್ರ ತಡೆಯಲಾರದೆ, "ನೋಡಿದ್ರ್ಯಾ? ಅಕಿನೂ ನನ್ನಂಗ ರೊಡ್ಡಿ!" ಎಂದಳು. "ಹೌದಲ್ಲಬೇ!" ಎಂದು ಎಲ್ಲರೂ ನಿಂತುಬಿಟ್ಟರು. ನಾಯಕನೂ ಎಡಗೈಯಲ್ಲೇ ಹೊಡೆದಾಡಿದ್ದ. ಆದರೆ ಅವನನ್ನು ಯಾರೂ ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಆಮೇಲೆ ನೋಡಿದ ಒಂದೊಂದು ಸಿನಿಮಾದಲ್ಲೂ ನಾಯಕಿ ಎಡಗೈಯವಳೇ. ಅಜ್ಜಿ ಬೈದಾಗ ಅವ್ವ ತುಟಿಯಂಚಿನಲ್ಲಿ ನಗಲು ಶುರುಮಾಡಿದಳು. ನಾಯಕಿಗೆ ಸರಿಹೋಗುವ ಕೈ ನನಗೇಕೆ ಸರಿಹೋಗುವುದಿಲ್ಲ ಎಂಬ ನಗು ಅದು.

ಉಳಿದದ್ದೆಲ್ಲ ಆ ನಾಯಕಿಯರಲ್ಲಿ ಅವ್ವನಿಗೆ ಹೇಳಿಕೊಳ್ಳುವಷ್ಟೇನೂ ಹಿಡಿಸಿರಲಿಲ್ಲ. ಬಸುರಿಯಾದ ಕೂಡಲೇ ತಲೆ ಸುತ್ತಿ ಬೀಳುತ್ತಿದ್ದರು ಅವರು. ನನ್ನನ್ನು ಹೊತ್ತಾಗ ಅವ್ವ ಮೊಣಕಾಲುದ್ದ ಕೆಸರಿನಲ್ಲಿ ಭತ್ತ ನಾಟಿ ಮಾಡಿದ್ದಳಂತೆ. ಅಲ್ಲಿ ಬಿದ್ದಿದ್ದರೆ ಎತ್ತಿ ಹಾಡಲು ಯಾರೂ ಬರುತ್ತಿರಲಿಲ್ಲ. ನಾಯಕಿ ಹೊಲಕ್ಕೆ ಬಂದರೆ ಹಾಡುತ್ತಾಳೆ, ಓಡುತ್ತಾಳೆ, ಮತ್ತೆ ಹಾಡುತ್ತಾಳೆ. "ಕಳೆ ಯಾರು ತಗೀತಾರಬೇ, ಇವರಪ್ಪ ಬರ್ತಾನೇನು?" ಎಂದು ಹಿಂದಿನ ಸಾಲಿನಿಂದ ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಒದ್ದ ಗಂಡನ ಕಾಲನ್ನೇ ನಾಯಕಿ ಕಣ್ಣಿಗೆ ಒತ್ತಿಕೊಂಡರೆ ನಮ್ಮವರು ಮೂಗು ಒರೆಸಿಕೊಳ್ಳುತ್ತಲೇ ಬೈಯುತ್ತಿದ್ದರು. ಕೂದಲು ಕತ್ತರಿಸಿಕೊಂಡವಳು, ನಕ್ಕರೆ ಹಲ್ಲು ಕಾಣುವವಳು, ಎದುರು ಮಾತಾಡುವವಳು ಕೆಟ್ಟವಳು ಎಂಬುದು ನನ್ನಂಥ ಮಕ್ಕಳಿಗೂ ಗೊತ್ತಿತ್ತು. ನಮ್ಮ ಕೇರಿಯಲ್ಲಿ ಹಾಗೆ ನೋಡಿದರೆ ಒಬ್ಬಳೂ ಒಳ್ಳೆಯವಳಿರಲಿಲ್ಲ.

ನನ್ನನ್ನು ಹೆದರಿಸಿದ್ದು ಕನ್ನಡಕದ ಹುಡುಗಿ. ನಿಮಗೂ ಗೊತ್ತಿರುತ್ತಾಳೆ. ಓದಿದವಳು, ಸೊಕ್ಕಿನವಳು. ಅರ್ಧ ಸಿನಿಮಾ ಆದ ಮೇಲೆ ಯಾರೋ ಕೆನ್ನೆಗೆ ಹೊಡೆಯುತ್ತಾರೆ, ಕನ್ನಡಕ ಹಾರಿ ಬೀಳುತ್ತದೆ, ಹುಡುಗಿ ಸೀರೆ ಉಟ್ಟು ಹೂ ಮುಡಿದು ಒಳ್ಳೆಯವಳಾಗುತ್ತಾಳೆ. ಕನ್ನಡಕವಿಲ್ಲದೆ ಅವಳಿಗೆ ಆಮೇಲೆ ಹೇಗೆ ಕಾಣುತ್ತದೆ ಎಂದು ಯಾರೂ ಕೇಳುವುದಿಲ್ಲ. ಮಾನ್ವಿಯ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುವಾಗ ನನಗೆ ಕಪ್ಪು ಹಲಗೆ ಮಸುಕಾಯಿತು. ಕನ್ನಡಕ ಬಂತು. ಮೂಗಿನ ಮೇಲೆ ಅದನ್ನಿಟ್ಟುಕೊಂಡು ಮೊದಲ ದಿನ ಬೀದಿಗೆ ಬಂದಾಗ ಎದುರು ಬಂದ ಪ್ರತಿಯೊಬ್ಬರಿಂದಲೂ ನಾನು ಕೆನ್ನೆ ತಪ್ಪಿಸಿಕೊಂಡು ನಡೆದೆ.

ಅದೇ ಮಾನ್ವಿಯಲ್ಲಿ, ಹಾಸ್ಟೆಲಿನ ಹುಡುಗಿಯರ ಜೊತೆ, ಗೋಡೆ ಕಟ್ಟಿದ ಟಾಕೀಸಿನಲ್ಲಿ ಮೊದಲ ಸಲ ಪರದೆಯ ಮುಂದೆ ಕೂತೆ. ಹೆಸರುಗಳು ಬಂದವು. ಎಲ್ಲ ನಮ್ಮ ಶಾಲೆಯ ಅಕ್ಷರವೇ. ನಾಯಕಿ ಬಂದಳು, ದೀಪ ಹಚ್ಚಿದಳು. ಬಲಗೈ. ಪಾಟಿ, ಮಾಸ್ತರರು, ನನ್ನ ಕಿವಿ, ಡೇರೆ, ಎಲ್ಲವೂ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಪಕ್ಕದ ಹುಡುಗಿಯರು ಕತೆಗಾಗಿ ಅಳುತ್ತಿದ್ದರೆ ನಾನು ಅವ್ವನಿಗಾಗಿ ಅತ್ತೆ.

ಹೇಳಲಿಲ್ಲ. ರಜೆಗೆ ಊರಿಗೆ ಹೋದಾಗ ಬಾಯಿಯ ತನಕ ಬಂದಿತ್ತು. ಅವ್ವ ಒಲೆಯ ಮುಂದೆ ಕೂತು ಎಡಗೈಯಲ್ಲಿ ರೊಟ್ಟಿ ಬಡಿಯುತ್ತ ಯಾವುದೋ ಹಾಡನ್ನು ಗುನುಗುತ್ತಿದ್ದಳು. ರೊಟ್ಟಿ ತನ್ನ ಉಲ್ಟಾ ದಾರಿಯಲ್ಲಿ ಗುಂಡಗೆ ತಿರುಗುತ್ತ ಚಂದಿರನಷ್ಟು ಅಗಲವಾಗುತ್ತಿತ್ತು. ಆ ರೊಟ್ಟಿಯನ್ನು ನೋಡುತ್ತ ನೋಡುತ್ತ ನನ್ನ ಸತ್ಯಕ್ಕೆ ಅಂಥ ಅವಸರವೇನೂ ಕಾಣಲಿಲ್ಲ.

ಮುಂದೆ ಟಿವಿ ಬಂತು. ರಾಯಚೂರಿನಲ್ಲಿ ನನಗೆ ನೌಕರಿಯಾಗಿ ಅವ್ವ ನನ್ನ ಜೊತೆಗೆ ಬಂದಳು. ಒಂದು ಮಧ್ಯಾಹ್ನ ಡೇರೆಯಲ್ಲಿ ನೋಡಿದ್ದ ಹಳೆಯ ಸಿನಿಮಾವೊಂದು ಟಿವಿಯಲ್ಲಿ ಬಂತು. ಅವ್ವ ನೋಡುತ್ತ ಕೂತಳು. ನಾಯಕಿ ಬಲಗೈಯಲ್ಲಿ ಬಡಿಸಿದಳು. ಅವ್ವ ನಿಟ್ಟುಸಿರು ಬಿಟ್ಟು ಹೇಳಿದ ಮಾತನ್ನು ನಾನು ಮರೆಯಲಾರೆ.

"ನೋಡವ್ವಾ, ಪಾಪ. ಅಕಿನ್ನೂ ತಿದ್ದಿಬಿಟ್ಟಾರ."

ಕಳೆದ ತಿಂಗಳು ಸುನೀತಾ ಮನೆಗೆ ಬಂದಳು. ಸುನೀತಾ ನನ್ನ ಹಳೆಯ ವಿದ್ಯಾರ್ಥಿನಿ, ಮಾನ್ವಿ ತಾಲೂಕಿನ ಕಲ್ಲೂರಿನವಳು. ಕ್ಯಾಮೆರಾ ಕೆಲಸ ಕಲಿತು ತಾನೇ ಒಂದು ಕಿರುಚಿತ್ರ ಮಾಡಲು ಹೊರಟಿದ್ದಳು. ತಾಯಿಯ ಕತೆ. ಹುಡುಗಿ ಇಷ್ಟು ಬೆಳೆದಳಲ್ಲ ಎಂದು ಹೆಮ್ಮೆಪಡುತ್ತ ಚಹಾ ಕೊಟ್ಟೆ. ಅವಳು ಚಹಾ ಬಿಟ್ಟು ಅವ್ವನ ಮುಖವನ್ನೇ ನೋಡುತ್ತಿದ್ದಳು.

"ಮೇಡಂ, ತಾಯಿ ಪಾತ್ರಕ್ಕ ಇವರನ್ನ ಕಳಿಸ್ರಿ. ಎಂಥಾ ದುಃಖ ಅದ ಇವರ ಮಾರಿಯಾಗ!"

"ನನ್ನ ಮಾರಿಯಾಗೇನು?" ಎಂದು ಅವ್ವ ಕೆನ್ನೆ ಸವರಿಕೊಂಡಳು. "ನಿದ್ದಿಗೆಟ್ಟೀನಿ ಯವ್ವಾ. ರಾತ್ರಿ ಸೊಳ್ಳಿ ಕಾಟ."

ಆದರೂ ಅವಳ ಕಣ್ಣು ಮಿಂಚಿದವು. ಪರದೆಯ ಮೇಲೆ ತಾನು! ಆ ರಾತ್ರಿಯಿಂದ ಶೂಟಿಂಗಿನ ದಿನದ ತನಕ ಅವಳ ಬಾಯಲ್ಲಿ ಅದೊಂದೇ ಮಾತು. "ಈಗಿನವರೆಲ್ಲ ತಿದ್ದಿಸಿಕೊಂಡಾರ. ನಾ ಮಾತ್ರ ಮೊದಲಿನವರಂಗ ಎಡಗೈಲೆ ಮಾಡಾಕಿ" ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಡೇರೆಯ ಕತ್ತಲಿನಿಂದ ಇಷ್ಟು ವರ್ಷ ಅವಳು ಕಾಪಾಡಿಕೊಂಡು ಬಂದ ಆಸೆ ಅದು ಎಂದು ನನಗೆ ಆಗ ತಿಳಿಯಿತು.

ಅವ್ವ ತನ್ನ ಒಳ್ಳೆಯ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು ನನ್ನ ಜೊತೆ ಕಲ್ಲೂರಿನ ಬಸ್ಸು ಹತ್ತಿದಳು. ಕಲ್ಮಲ ದಾಟುವಷ್ಟರಲ್ಲಿ ಪಕ್ಕದವರಿಗೆಲ್ಲ ತಾನು ಎಲ್ಲಿಗೆ ಹೊರಟಿದ್ದೇನೆ ಎಂದು ಹೇಳಿ ಮುಗಿಸಿದ್ದಳು. ಸುನೀತಾ ಅವಳನ್ನು ನೋಡಿದವಳೇ ಮಲ್ಲಿಗೆ ತೆಗೆಸಿದಳು. ಮಾಸಿದ ಸೀರೆಯೊಂದನ್ನು ತಂದು ಕೊಟ್ಟಳು. ಅದರ ಸೆರಗಿಗೆ ಕೈಯಾರೆ ತೂತು ಮಾಡಿದ್ದರು.

"ಹರದದ್ದಾದ್ರ ಹೊಲಕೊಂತೀವಲ್ಲವ್ವಾ, ಹಿಂಗ್ಯಾಕ ಬಿಡ್ತೀವಿ?" ಎಂದಳು ಅವ್ವ. ಸುನೀತಾ ಪ್ರೀತಿಯಿಂದ ನಕ್ಕಳು.

ದೃಶ್ಯ ಇಷ್ಟೇ. ಮನೆಯಲ್ಲಿ ಒಂದೇ ರೊಟ್ಟಿ ಇದೆ. ತಾಯಿ ಅದನ್ನು ಮಗನಿಗೆ ಬಡಿಸಿ, ತನಗೆ ಹಸಿವಿಲ್ಲವೆಂದು ಸುಳ್ಳು ಹೇಳಿ, ಮೂಲೆಯಲ್ಲಿ ನೀರು ಕುಡಿದು ಅಳಬೇಕು. ಅವ್ವ ಕತೆಯನ್ನು ಗಮನವಿಟ್ಟು ಕೇಳಿದಳು.

"ಒಂದ ರೊಟ್ಟಿ ಇದ್ರ ಅರ್ಧ ಮುರೀತೀವಿ, ಇಬ್ರೂ ತಿಂತೀವಿ. ನೀರು ಕುಡದು ಮಲಗಿದ್ರ ಮರದಿನ ಕೂಲಿಗೆ ಹ್ಯಾಂಗ ಹೋಗ್ತೀವಿ?"

"ಯವ್ವಾ, ತಾಯಿ ಅಂದ್ರ ತ್ಯಾಗರಿ" ಎಂದಳು ಸುನೀತಾ.

ಅವ್ವ ಅದಕ್ಕೂ ಒಪ್ಪಿದಳು. ತೂತಿನ ಸೀರೆಗೆ ಒಪ್ಪಿದಳು, ಕಣ್ಣಿಗೆ ಹಾಕಿದ ಅಳುವ ಔಷಧಿಗೂ ಒಪ್ಪಿದಳು. ಆಮೇಲೆ ಎಡಗೈಯಲ್ಲಿ ರೊಟ್ಟಿ ಎತ್ತಿ ಮಗನ ತಟ್ಟೆಗೆ ಹಾಕಿದಳು. ಸುನೀತಾ ನಿಲ್ಲಿಸಿದಳು.

"ಬಲಗೈಲೆ ನೀಡ್ರಿ ಯವ್ವಾ."

ಅವ್ವ ನನ್ನ ಕಡೆ ನೋಡಿದಳು. ನಾನು ಮುಂದೆ ಬಂದು, "ಸುನೀತಾ, ಅದು ಅವ್ವನ ಕೈ. ಹಂಗೇ ಇರಲಿ ಬಿಡವ್ವ" ಎಂದೆ.

"ಹೆಂಗರಿ ಮೇಡಂ? ಎಡಗೈಲೆ ನೀಡಿದ್ರ ನೋಡೋರು ಏನಂತಾರ? ಮಗನ ಮ್ಯಾಲ ಸಿಟ್ಟದ ಅಂತ ತಿಳಕೊಂತಾರ್ರಿ. ತಾಯಿ ಅಂದ್ರ ಹಂಗಿರಲ್ಲ."

ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅವಳ ಮಾತು ಜೀನ್ಸ್ ಹಾಕಿಕೊಂಡ ನನ್ನದೇ ವಿದ್ಯಾರ್ಥಿನಿಯ ಬಾಯಲ್ಲಿ ಬಂದಾಗ ನಾನು ಬೆಚ್ಚಿದೆ. ಇನ್ನೂ ಏನೋ ಹೇಳಲು ಹೊರಟೆ. ಅವ್ವನೇ ತಡೆದಳು. "ಇರಲಿ ಬಿಡವ್ವಾ. ಅಕಿ ಪಿಚ್ಚರು, ಅಕಿ ಹೇಳಿದಂಗ ಆಗಲಿ." ಬಲಗೈಯಲ್ಲಿ ರೊಟ್ಟಿ ಎತ್ತಿದಳು. ಅದು ಜಾರಿ ಬಿತ್ತು. ಮತ್ತೆ ಎತ್ತಿದಳು. ಕೊನೆಗೊಮ್ಮೆ ಸರಿಯಾಗಿ ಬಿತ್ತು. ಅವ್ವನ ಎಡಗೈ ತಾನಾಗಿಯೇ ತೂತಿನ ಸೆರಗಿನೊಳಗೆ ಹೋಗಿ ಅಡಗಿತ್ತು.

ಬರುವಾಗ ಬಸ್ಸಿನಲ್ಲಿ ಅವ್ವ ಯಾರ ಜೊತೆಗೂ ಮಾತಾಡಲಿಲ್ಲ. ಕಿಟಕಿಯಾಚೆ ಹತ್ತಿ ಹೊಲಗಳು ಸಂಜೆಯ ಬೆಳಕಿನಲ್ಲಿ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದವು. ಊರು ಹತ್ತಿರ ಬಂದಾಗ ಅವುಗಳಿಗೇ ಹೇಳುವ ಹಾಗೆ ಹೇಳಿದಳು. "ಕಡೀಗೆ ನನ್ನನ್ನೂ ತಿದ್ದಿಬಿಟ್ರು."

ಚಿತ್ರವನ್ನು ಮೊದಲು ತನ್ನ ಊರಿನಲ್ಲೇ ತೋರಿಸಬೇಕೆಂಬುದು ಸುನೀತಾಳ ಆಸೆ. ಅವ್ವ ಬರುವುದಿಲ್ಲ ಎಂದಳು. ನಾನು ಒತ್ತಾಯಿಸಿದೆ. ಕಲ್ಲೂರಿನ ಶಾಲೆಯ ಬಯಲಿನಲ್ಲಿ ಎರಡು ಗೂಟ ನೆಟ್ಟು ಬಿಳಿ ಬಟ್ಟೆ ಕಟ್ಟಿದ್ದರು. ಹೊತ್ತು ಮುಳುಗಿ ಕತ್ತಲು ಕವಿಯುತ್ತಿದ್ದಂತೆ ಊರಿನವರೆಲ್ಲ ಸೇರಿದರು. ಮುಂದೆ ಕುರ್ಚಿಗಳಲ್ಲಿ ಹಿರಿಯರು, ಅವರ ಹಿಂದೆ ಗಂಡಸರು. ಹೆಂಗಸರು ಬದಿಗೆ ಒತ್ತೊತ್ತಾಗಿ ಕೂತಿದ್ದರು. ನಾಯಕಿಯೆಂದು ಅವ್ವನಿಗೂ ಮುಂದೆ ಒಂದು ಕುರ್ಚಿ ಕೊಟ್ಟಿದ್ದರು. ಗಾಳಿ ಬೀಸುತ್ತಿತ್ತು, ಪರದೆ ಉಬ್ಬಿ ಇಳಿಯುತ್ತಿತ್ತು.

ಚಿತ್ರ ಶುರುವಾಯಿತು. ಅವ್ವ ಪರದೆಯ ಮೇಲೆ ಬಂದಳು, ಆಳೆತ್ತರಕ್ಕಿಂತ ಎತ್ತರವಾಗಿ. ಊರಿನವರು ಚಪ್ಪಾಳೆ ತಟ್ಟಿದರು. ಹೆಮ್ಮೆಯಿಂದ ಪಕ್ಕಕ್ಕೆ ತಿರುಗಿದೆ. ಕುರ್ಚಿ ಖಾಲಿ ಇತ್ತು.

ಗಾಬರಿಯಿಂದ ಎದ್ದೆ. ಪರದೆಯ ಮಗ್ಗುಲಿನ ಕತ್ತಲಿನಿಂದ ಅವಳ ದನಿ ಬಂತು.

"ಇಲ್ಲಿ ಬಾರವ್ವಾ, ದೌಡ ಬಾ!"

ಗೂಟವನ್ನು ಸುತ್ತಿ ಹಿಂದಕ್ಕೆ ಹೋದೆ. ಅವ್ವ ಬರೀ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮುಖದ ಮೇಲೆ ಚಿತ್ರದ ಬೆಳಕು ಆಡುತ್ತಿತ್ತು. ನಮ್ಮಿಬ್ಬರ ಎದುರು, ತೆಳು ಬಟ್ಟೆಯ ಮೇಲೆ, ದೊಡ್ಡ ಅವ್ವ ರೊಟ್ಟಿಯನ್ನು ಎತ್ತಿದಳು. ಎಡಗೈಯಲ್ಲಿ ಎತ್ತಿದಳು. ಎಡಗೈಯಲ್ಲೇ ಮಗನ ತಟ್ಟೆಗೆ ಹಾಕಿದಳು.

"ನೋಡು, ಇಲ್ಲಿ ನನ್ನ ತಿದ್ದಿಲ್ಲ" ಎಂದಳು ಅವ್ವ.

ನಾನು ಅವಳ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬಳು ಮುದುಕಿ ಚಾಪೆ ಹಿಡಿದುಕೊಂಡು ಸುತ್ತಿ ಬಂದಳು. "ಇಲ್ಲಿ ಜಾಗ ಅದೇನ್ಬೇ?" ಎಂದು ಕೇಳಿ ಕೂತಳು. ಅವಳ ಹಿಂದೆ ಇನ್ನೊಬ್ಬಳು ಬಂದಳು, ಕೂಸಿನ ಜೊತೆ ಮತ್ತೊಬ್ಬಳು ಬಂದಳು. ಕಾಲುಗಳು ಚಾಚಿಕೊಂಡವು, ಸೆರಗುಗಳು ಜಾರಿದವು. ಪರದೆಯ ಮೇಲೆ ತಾಯಿ ನೀರು ಕುಡಿದು ಅಳತೊಡಗಿದಾಗ ಯಾರೋ, "ಅಯ್ಯ, ಅರ್ಧ ಮುರಕೊಂಡು ತಿನ್ನಬಾರದೇನು!" ಎಂದರು. ಅವ್ವ ಜೋರಾಗಿ ನಕ್ಕಳು. ಅವಳ ಎಡಗೈ ಅವಳ ಮಡಿಲಿನ ಮೇಲಿತ್ತು.

ಕೊನೆಗೆ ಹೆಸರುಗಳು ಬಂದವು. ನನ್ನ ಪಾಟಿಯ ಮೇಲಿದ್ದ ಅಕ್ಷರಗಳೇ. ಒತ್ತುಗಳು ಬೇಡದ ಮಗ್ಗುಲಿಗೆ ನೇತಾಡುತ್ತಿದ್ದವು.

"ನನ್ನ ಹೆಸರು ಬಂತೇನವ್ವಾ?"

ಕನ್ನಡಕ ಒರೆಸಿಕೊಂಡು ಬಲದಿಂದ ಎಡಕ್ಕೆ ನಿಧಾನವಾಗಿ ಓದಿದೆ.

"ಬಂತವ್ವಾ. ಹುಲಿಗೆಮ್ಮ ಅಂತ ಬಂತು. ಎಲ್ಲರಕಿಂತ ಮೊದಲು ಬಂತು."